ಒಂದು ಬೆರಳು ಕಮ್ಮಿ

ನಮ್ಮೂರಿಗೆ ಮುನ್ನೂರ ಹನ್ನೆರಡು ಜನ. ತಾತನ ಕಾಲದಲ್ಲಿ ಮುನ್ನೂರ ಎಂಟಂತೆ. ಕೆರೆಯ ಏರಿ ಎತ್ತರಿಸಿದ ಮೇಲೆ ನಾಲ್ಕು ಹೆಚ್ಚಾಗಿ, ಅಲ್ಲಿಂದ ಈಚೆಗೆ ಅಷ್ಟಕ್ಕೇ ನಿಂತಿದೆ. ಯಾರಾದರೂ ಸತ್ತು ಹೆಣ ಹಳ್ಳ ದಾಟಿದ ಗಳಿಗೆಗೆ, ಆಚೆ ದಡದ ಕಟ್ಟೆಯ ಮೇಲೆ ಕಾದು ಕೂತವರಲ್ಲಿ ಮೊದಲನೆಯವರು ಒಳಗಿರುತ್ತಾರೆ. ಬಂದದ್ದನ್ನು ಕಂಡವರಿಲ್ಲ. ಅಲ್ಲಿ ಕೂತಿದ್ದವರು ಇಲ್ಲಿ ಸಂತೆಮಾಳದಲ್ಲಿ ನಿಂತಿರುತ್ತಾರೆ, ಅಷ್ಟೆ. ನಡೆದೇ ಬರುತ್ತೇನೆ ಎಂದು ಕಲ್ಲುಸೇತುವೆ ಹತ್ತಿದವರು ಎಷ್ಟು ಹೊತ್ತು ನಡೆದರೂ ಹತ್ತಿದ ಕಡೆಗೇ ಇಳಿಯುತ್ತಾರೆ. ಹೊರಗೆ ಹೋಗುವುದಕ್ಕೆ ಮಾತ್ರ ಅಡ್ಡಿಯಿಲ್ಲ, ಯಾರು ಬೇಕಾದರೂ ಎದ್ದು ಹೋಗಬಹುದು. ಹೋದರೆ ಜಾಗ ಹೋಯಿತು.

ಸಾವು ಹೇಗೋ ಆಯಿತು, ಹುಟ್ಟಿನದೇ ಫಜೀತಿ. ಮಗು ಅತ್ತ ಕೂಡಲೇ ಊರಿಗೆ ಕಟ್ಟಕಡೆಯಲ್ಲಿ ಬಂದವರು ಹೊರಗೆ, ಕಟ್ಟೆಯ ಮೇಲೆ. ಕೈಯಲ್ಲಿ ಸೌಟು ಹಿಡಿದಿದ್ದರೆ ಸೌಟಿನ ಸಮೇತ. ಹೊರಬಿದ್ದವರು ಎದ್ದು ಹೋಗಿ ಸಾಲಿನ ತುದಿಗೆ ಕೂರಬೇಕು, ಅದು ಕಟ್ಟೆಯವರು ತಾವೇ ಮಾಡಿಕೊಂಡ ಕಟ್ಟಳೆ. ತುದಿಯಿಂದ ಮುಂದಕ್ಕೆ ಬರಲು ಮೂರು ವರ್ಷವಾದರೂ ಬೇಕು. ಅದಕ್ಕೇ ನಮ್ಮಲ್ಲಿ ಜಾಗದೂಟ ಅಂತ ಒಂದು ಪದ್ಧತಿ. ಬಸುರಿಯ ಮನೆಯವರು ಒಂಬತ್ತನೇ ತಿಂಗಳಲ್ಲಿ ಆ ಕಟ್ಟಕಡೆಯವರನ್ನು ಕರೆದು, ಎಲೆ ಹಾಕಿ ಬಡಿಸಿ, ಒಂದು ಕಂಬಳಿ, ಒಂದು ಚೊಂಬು ಕೊಟ್ಟು ಕೈಮುಗಿಯಬೇಕು. ಉಂಡವರು ಅವತ್ತಿನಿಂದ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡೇ ಓಡಾಡುತ್ತಾರೆ. ಯಾವಾಗ ಹೊರಡಬೇಕಾಗುತ್ತದೋ ಯಾರಿಗೆ ಗೊತ್ತು.

ನಾನು ಈ ಊರಿನ ನೀರುಗಂಟಿ, ಸಣ್ಣಲಿಂಗಯ್ಯ. ಕೆರೆಯ ತೂಬಿಗೆ ಹಲಗೆ ಇಳಿಸಿ ನೀರು ಏರಿಸುವುದು, ಹಲಗೆ ಎತ್ತಿ ನೀರು ಇಳಿಸುವುದು. ಮೂವತ್ತೊಂದು ವರ್ಷ ಇದನ್ನೇ ಮಾಡಿದೆ. ಬೇರೆ ಊರಿನ ನೀರುಗಂಟಿಗೆ ಗದ್ದೆಯ ಚಿಂತೆ ಒಂದೇ. ನನಗೆ ಜನದ ಚಿಂತೆಯೂ ಸೇರಿ ತಲೆ ಚಿಟ್ಟು ಹಿಡಿದುಹೋಗಿತ್ತು. ತೂಬಿನ ಕಲ್ಲಿನ ಮೇಲೆ ಎರಡು ಗೆರೆ ಇವೆ. ನೀರು ಕೆಳಗಿನ ಗೆರೆಯಲ್ಲಿದ್ದರೆ ಊರು ಮುನ್ನೂರ ಹನ್ನೆರಡು ಜನರನ್ನು ಹಿಡಿಯುತ್ತದೆ. ಒಂದು ಗೇಣು ಏರಿ ಮೇಲಿನ ಗೆರೆ ಮುಟ್ಟಿದರೆ ಇನ್ನೊಬ್ಬರಿಗೆ ಜಾಗ. ಹಾಗಂತ ಏರಿಸಿಬಿಡಲು ಬರುವುದಿಲ್ಲ, ಏರಿಸಿದರೆ ಕೆರೆಯಂಗಳದ ಹನ್ನೊಂದು ಮನೆಯವರ ಭತ್ತ ನೀರಿನಡಿ ಹೋಗುತ್ತದೆ. ಏರಿದ ನೀರು ಇಳಿಸಿದರೆ ಮತ್ತೆ ಕಟ್ಟಕಡೆಯವರು ಹೊರಗೆ ಬೀಳುತ್ತಾರೆ. ಒಟ್ಟಿನಲ್ಲಿ ಆ ಹಲಗೆ ಮುಟ್ಟಿದರೆ ಯಾರಾದರೂ ಒಬ್ಬರು ನನ್ನನ್ನು ಶಪಿಸುವವರೇ.

ಈ ಸಲ ಹೆರುವವಳು ನನ್ನ ಮಗಳು ಭಾಗೀರತಿ. ಕಟ್ಟಕಡೆಯವಳು ನನ್ನ ಮನೆಯಲ್ಲಿದ್ದ ಜವರಮ್ಮ. ಇನ್ನು ನನ್ನ ಪಾಡು ಕೇಳಬೇಡಿ.

ಜವರಮ್ಮ ಊರಿಗೆ ಬಂದು ಮೂರು ವರ್ಷವಾಗಿತ್ತು. ನಮ್ಮಲ್ಲಿ ಒಂದು ಕೋಣೆಗೆ ಇಬ್ಬರೇ, ಮೂರನೆಯವರಿಗೆ ಹಾಸಿಗೆ ಹಿಡಿಯುವುದಿಲ್ಲ. ನನ್ನ ಹೆಂಡತಿ ತೀರಿಕೊಂಡು ನನ್ನ ಕೋಣೆಯಲ್ಲಿ ಒಂದು ಜಾಗ ಖಾಲಿ ಇದ್ದದ್ದರಿಂದ ಊರವರು ಅವಳನ್ನು ನನ್ನಲ್ಲಿಗೆ ಕಳಿಸಿದರು. ಇಬ್ಬರಿರುವ ಕೋಣೆಯಲ್ಲಿ ಒಬ್ಬರ ತಲೆ ಮೂಡಲಿಗಾದರೆ ಇನ್ನೊಬ್ಬರದು ಪಡುವಲಿಗೆ. ಹಾಗಲ್ಲದೆ ಮಲಗಿದರೆ ಇಬ್ಬರಿಗೂ ನಿದ್ದೆ ಹತ್ತುವುದಿಲ್ಲ. ಹೀಗಾಗಿ ಅವಳ ಮುಖಕ್ಕಿಂತ ಮೊದಲು ಪಾದಗಳ ಪರಿಚಯವಾಯಿತು ನನಗೆ. ಹಿಮ್ಮಡಿಯ ಒಡಕೆಲ್ಲ ಬಾಯಿಪಾಠ. ಮೊದಲ ವರ್ಷ ಮಾತೇ ಇಲ್ಲ, ಎರಡನೇ ವರ್ಷ ಜಗಳ, ಮೂರನೇ ವರ್ಷ ಅವಳು ಸಂಜೆ ಏರಿ ಮೇಲೆ ಬುತ್ತಿ ತರುವುದು ಐದು ನಿಮಿಷ ತಡವಾದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಅರುವತ್ತೊಂದು ವಯಸ್ಸಿಗೆ ಇದೇನು ಕರ್ಮ ಎಂದು ನಾನೇ ಬೈದುಕೊಂಡೆ. ಅವಳ ಹಿಂದೆ ಬಂದ ಏಳು ಜನರನ್ನು ಏಳು ಮಕ್ಕಳು ಹುಟ್ಟಿ ಹೊರಗೆ ಹಾಕಿದ್ದವು. ಈಗ ಅವಳ ಸರದಿ.

ಭಾಗೀರತಿ ಜಾಗದೂಟಕ್ಕೆ ಕರೆದಳು. ತಾಯಿಯ ಜಾಗದಲ್ಲಿ ಇನ್ನೊಬ್ಬಳು ಮಲಗುತ್ತಾಳೆಂಬ ಕಸಿವಿಸಿ ಅವಳಿಗೆ ಮೊದಲಿಂದಲೂ ಇತ್ತು, ಬಾಯಿಬಿಟ್ಟು ಆಡಿರಲಿಲ್ಲ. ಹೊಟ್ಟೆ ಹೊತ್ತುಕೊಂಡು ತಾನೇ ಒಬ್ಬಟ್ಟು ತಟ್ಟಿ ಬಡಿಸಿದಳು. ಜವರಮ್ಮ ಮೂರು ಒಬ್ಬಟ್ಟು ಕೇಳಿ ಹಾಕಿಸಿಕೊಂಡು ಉಂಡಳು.

“ಬೇಜಾರಾ ಜವರಕ್ಕ?” ಎಂದಳು ಭಾಗೀರತಿ, ನೆಲ ನೋಡುತ್ತ.

“ಯಾಕವ್ವ ಬೇಜಾರು? ಒಳೀಕೆ ಬರಾಕೆ ಮುಂಚೆ ನಾಕೊರ್ಸ ಆ ಕಟ್ಟೆ ಮ್ಯಾಲೆ ಕೂತಿದ್ದವಳು ನಾನು. ಇನ್ನೊಂದು ಮೂರೊರ್ಸ ಕೂತ್ಕತೀನಿ ಬುಡು. ನೀನು ನೆಟ್ಟಗೆ ಹೆತ್ಕ.”

ಭಾಗೀರತಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾನು ಅರ್ಧ ಎಲೆಗೇ ಎದ್ದು ಕೈ ತೊಳೆದೆ. ಇವಳಿಗೆ ಇಲ್ಲದ ಸಂಕಟ ನನಗೇಕೆ ಎಂದು ಸಿಟ್ಟೂ ಬಂತು.

ಮಾರನೆಯ ದಿನ ಕೆರೆಯಂಗಳದ ಹನ್ನೊಂದು ಮನೆಯ ಬಾಗಿಲಿಗೂ ಹೋಗಿ ನಿಂತೆ. ಮೂವತ್ತೊಂದು ವರ್ಷದಲ್ಲಿ ಯಾರಿಗೂ ಕೈಯೊಡ್ಡಿದವನಲ್ಲ. ಒಂದು ಗೇಣು ಏರಿಸುತ್ತೇನೆ, ಎಂಟೇ ದಿನ, ಅಷ್ಟರೊಳಗೆ ಇಳಿಸುತ್ತೇನೆ ಎಂದೆ. ಹೇಗೆ ಇಳಿಸುತ್ತೀಯ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತಮ್ಮಯ್ಯಜ್ಜನಿಗೆ ಉಬ್ಬಸ ಏರಿ ಎರಡು ವಾರದಿಂದ ಬಾಯಿಗೆ ನೀರು ಬಿಡುತ್ತಿದ್ದರು. ಎಂಟು ದಿನದೊಳಗೆ ಅಜ್ಜ ಹೋದರೆ, ಹೆಣ ಹಳ್ಳ ದಾಟುವ ಗಳಿಗೆಗೇ ಸರಿಯಾಗಿ ನೀರನ್ನೂ ಇಳಿಸಬಹುದು, ಯಾರೂ ಹೊರಬೀಳುವುದಿಲ್ಲ. ಸಾಯುವವರ ದಿನ ಎಣಿಸುವ ಮಟ್ಟಕ್ಕೆ ಇಳಿದಿದ್ದೆ ನಾನು. “ಎಂಟು ಅಂದ್ರೆ ಎಂಟೇ ಕಣ್ ಲಿಂಗಯ್ಯ, ಒಂಬತ್ತನೇ ದಿನಕ್ಕೆ ಬೇರು ಕೊಳೀತದೆ” ಎಂದು ಒಪ್ಪಿದರು.

ಇನ್ನು ಉಳಿದದ್ದು ಹಲಗೆಯ ಕೆಲಸ. ಅದು ಹೇಳಿದಷ್ಟು ಸಸಾರವಲ್ಲ. ಗೇಣು ಏರಲು ಅರ್ಧ ದಿನ ಬೇಕು, ಹೆರಿಗೆ ಅರ್ಧ ದಿನ ಮೊದಲೇ ಹೇಳಿ ಬರುವುದಿಲ್ಲ. ಆದ್ದರಿಂದ ನೋವು ಶುರುವಾದ ಕೂಡಲೇ ನೀರು ಏರಿಸಿ, ಮೇಲಿನ ಗೆರೆಗೆ ಒಂದು ಬೆರಳು ಕಮ್ಮಿ ನಿಲ್ಲಿಸಿ, ಹಲಗೆ ಇಷ್ಟಿಷ್ಟೇ ಎತ್ತುತ್ತ ಇಳಿಸುತ್ತ ಹಿಡಿದಿಟ್ಟುಕೊಂಡು ಕಾಯಬೇಕು. ಮಗುವಿನ ತಲೆ ಕಂಡು ಹೆರಿಗೆ ಮನೆಯಲ್ಲಿ ಜಾಗಟೆ ಬಡಿದ ತಕ್ಷಣ ಕೊನೆಯ ಹಲಗೆ ಇಳಿಸಬೇಕು, ಅಳು ಕೇಳುವಷ್ಟರಲ್ಲಿ ಆ ಬೆರಳು ತುಂಬುತ್ತದೆ.

“ಹಲಗೆ ಮೊದಲೇ ಇಳಿಸಿದರೆ ನಿಮ್ಮ ಮಗುವಿಗೆ ಅಂತ ಜಾಗ ಕಾದು ಕೂರೋದಿಲ್ಲ, ನೆನಪಿರಲಿ” ಎಂದು ಹಳ್ಳದ ಆಚೆಯಿಂದ ಸರ್ವಮಂಗಳಾ ಮೇಡಂ ಎಚ್ಚರಿಸಿದ್ದರು. ಕಟ್ಟೆಯ ಸಾಲಿನಲ್ಲಿ ಅವರು ಎರಡನೆಯವರು. ಹಿಂದೆ ಯಾವುದೋ ಕಾಲೇಜಿನ ಲ್ಯಾಬಿನಲ್ಲಿ ಇದ್ದವರು. “ನಮ್ಮ ಲ್ಯಾಬಲ್ಲೂ ಇಂಥದೇ ಒಂದು ಊರಿತ್ತು ಲಿಂಗಯ್ಯನವರೇ. ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿ. ಕ್ವಾಂಟಮ್ ಡಾಟ್ ಅಂತಿದ್ವಿ. ಅದರೊಳಗೆ ಎಲೆಕ್ಟ್ರಾನುಗಳು, ಎಣಿಸಿ ಇಟ್ಟಷ್ಟು. ಒಳಗಿರೋವು ಇನ್ನೊಂದನ್ನ ಹತ್ತಿರ ಸೇರಿಸಲ್ಲ. ಪಕ್ಕದ ಗೇಟಿನ ವೋಲ್ಟೇಜು ಒಂಚೂರು ಏರಿಸಿದರೆ ಒಂದೇ ಒಂದು ಒಳಗೆ ಬರುತ್ತೆ. ಗೋಡೆ ಇದ್ದರೂ ಬರುತ್ತೆ, ಹೇಗೆ ದಾಟ್ತು ಅಂತ ಯಾರೂ ನೋಡೋಕಾಗಲ್ಲ. ಯಾವುದು ಬರಬೇಕು ಅಂತ ಆರಿಸೋದು ನಮ್ಮ ಕೈಲಿಲ್ಲ. ಹತ್ತಿರ ಇದ್ದದ್ದು ಬರುತ್ತೆ.”

“ಅಲ್ಲಿ ಹೊರಗೆ ಬಿದ್ದದ್ದು ಅಳ್ತಿತ್ತಾ ಮೇಡಂ?” ಎಂದೆ.

“ಮೀಟರಿನ ಮುಳ್ಳು ಒಂದು ಸಲ ಹೊಯ್ದಾಡೋದು, ಅಷ್ಟೆ” ಎಂದು ನಕ್ಕರು. ಇಷ್ಟನ್ನು ನಾನು ಮರೆಯದೆ ಹೇಳುತ್ತಿದ್ದೇನೆ. ಆಮೇಲೆ ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ.

ಕಟ್ಟೆಯಲ್ಲಿ ಮೊದಲನೆಯವನು ಬೋರಲಿಂಗ, ನಮ್ಮೂರ ಹಿಟ್ಟಿನ ಗಿರಣಿ ನಡೆಸುವ ಕೆಂಪಾಜಮ್ಮನ ಗಂಡ. ಮೂರು ವರ್ಷದ ಹಿಂದೆ ಹೆಂಡತಿಗೆ ಜ್ವರ ತಲೆಗೇರಿದಾಗ, ಹೋದರೆ ಜಾಗ ಹೋಗುತ್ತದೆಂದು ಗೊತ್ತಿದ್ದೂ ಹಳ್ಳ ದಾಟಿ ಓಡಿದವನು. ಮಾತ್ರೆ ತಂದು ಆಚೆಯಿಂದಲೇ ಎಸೆದ. ಕೆಂಪಾಜಮ್ಮ ಬದುಕಿದಳು. ಅವನು ಬಿಟ್ಟ ಜಾಗಕ್ಕೆ ಬಂದವಳೇ ಜವರಮ್ಮ. ಮನೆಯಲ್ಲಿ ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಅವಳು ಬಿಟ್ಟು ಹೋಗುವ ಹಾಗಿಲ್ಲ. ದಿನಾ ಸಂಜೆ ಗಿರಣಿ ನಿಲ್ಲಿಸಿ ಹಳ್ಳದ ದಂಡೆಗೆ ಬಂದು, ಇವತ್ತು ಏನು ಸಾರು ಮಾಡಿದೆ ಎಂದು ಕೂಗಿ ಹೇಳುತ್ತಿದ್ದಳು. ಅವನು ಉಪ್ಪು ಸರಿಯಾಗಿತ್ತಾ ಎಂದು ಕೂಗಿ ಕೇಳುತ್ತಿದ್ದ. ಮೂರು ವರ್ಷ ಇದೇ ಅವರ ಸಂಸಾರ.

ಭಾಗೀರತಿಗೆ ಸೋಮವಾರ ಬೆಳಿಗ್ಗೆ ನೋವು ಶುರುವಾಯಿತು. ಮಧ್ಯಾಹ್ನಕ್ಕೆ ನೀರನ್ನು ಒಂದು ಬೆರಳು ಕಮ್ಮಿ ತಂದು ನಿಲ್ಲಿಸಿದೆ. ಸಂಜೆಯಾಯಿತು, ಜಾಗಟೆ ಇಲ್ಲ. ಮಂಗಳವಾರ ಬೆಳಗಾಯಿತು, ಇಲ್ಲ. ಮಗು ಅಡ್ಡ ತಿರುಗಿದೆ, ಸೂಲಗಿತ್ತಿ ತಿರುಗಿಸುತ್ತಿದ್ದಾಳೆ ಎಂದು ಅಳಿಯ ಚೌಡಯ್ಯ ಬಂದು ಹೇಳಿ ಹೋದ. ಮಗಳ ಕೂಗು ಏರಿಯವರೆಗೂ ಕೇಳುತ್ತಿತ್ತು. ಹಲಗೆಯ ಹಿಡಿ ಬಿಟ್ಟರೆ ನೀರು ಏರುತ್ತದೆ, ಎತ್ತಿದರೆ ಇಳಿಯುತ್ತದೆ. ಅರ್ಧ ಹಗಲು ಒಂದು ರಾತ್ರಿ ಮತ್ತೆ ಅರ್ಧ ಹಗಲು ನಾನು ಆ ಒಂದು ಬೆರಳನ್ನೇ ನೋಡುತ್ತ ನಿಂತಿದ್ದೆ. ರಟ್ಟೆ ಬಿದ್ದುಹೋಗಿತ್ತು. ಜವರಮ್ಮ ಹೆಗಲ ಗಂಟಿನ ಸಮೇತ ಬಂದು ಮುದ್ದೆ ಮುರಿದು ಬಾಯಿಗಿಟ್ಟಳು.

“ಬುಟ್ಟಾಕು ಕಣಯ್ಯ ಅತ್ಲಾಗಿ. ನಾನು ವೋದ್ರೆ ವೋಯ್ತೀನಿ. ಹಿಂಗ್ ನಿಂತ್ರೆ ನೀನೇ ವೋಯ್ತೀಯ” ಎಂದಳು.

“ಸುಮ್ಕಿರು” ಎಂದೆ.

ಅವಳು ಹೋದ ಮೇಲೆ, ಮಂಗಳವಾರ ಮಧ್ಯಾಹ್ನ, ಹೊಂಗೆ ಮರದ ನೆರಳು ತೂಬಿನ ಕಡೆಗೆ ಬಂದಿತ್ತು. ಕೂಗೂ ನಿಂತಿತ್ತು. ಇನ್ನೇನು ಆಗೇಹೋಯಿತು ಎಂದುಕೊಂಡೆನೋ, ಇನ್ನು ನನ್ನ ಕೈಲಾಗುವುದಿಲ್ಲ ಎಂದುಕೊಂಡೆನೋ, ಕೊನೆಯ ಹಲಗೆಯನ್ನು ಇಳಿಸಿ ಮರದ ಬುಡಕ್ಕೆ ಒರಗಿದೆ. ಹಾಳು ನಿದ್ದೆ ಬಂದೇಬಿಟ್ಟಿತು.

ಎಚ್ಚರವಾದದ್ದು ಸಂತೆಮಾಳದ ಗದ್ದಲಕ್ಕೆ. “ಬೋರಲಿಂಗ ಬಂದ! ಬೋರಲಿಂಗ ಬಂದ!” ಎಂದು ಊರೇ ಕೂಗುತ್ತಿತ್ತು. ಎದ್ದು ನೋಡಿದರೆ ನೀರು ಗೆರೆ ದಾಟಿ ನಿಂತಿದೆ. ಜಾಗಟೆ ಬಡಿದಿರಲಿಲ್ಲ. ಮಗಳ ನೋವಿನ ಕೂಗು ಮತ್ತೆ ಶುರುವಾಗಿತ್ತು.  ಮೊದಲು ತೋಚಿದ್ದು, ದೇವರಾಣೆಗೂ ಹೇಳುತ್ತೇನೆ, ಅಯ್ಯೋ ಎಂದಲ್ಲ. ಈಗ ಕಟ್ಟಕಡೆಯವಳು ಜವರಮ್ಮ ಅಲ್ಲ ಎಂದು. ಎದೆ ಹಗುರಾಯಿತು. ಹಗುರಾದದ್ದಕ್ಕೇ ಹೇಸಿಗೆಯೂ ಆಯಿತು.

ಇನ್ನೊಂದು ಗೇಣು ಏರಿಸಲು ಹೊತ್ತಿಲ್ಲ. ಇಳಿಸಿದರೆ ಅವನು ಈಗಲೇ ಹೊರಗೆ, ಬಿಟ್ಟರೆ ಮಗು ಅತ್ತಾಗ ಹೊರಗೆ. ಹೇಳಿಯಾದರೂ ಹೇಳೋಣ ಎಂದು ಗಿರಣಿ ಮನೆಗೆ ಓಡಿದೆ. ಊರವರೆಲ್ಲ ತಮ್ಮಯ್ಯಜ್ಜ ಹೋಗಿರಬೇಕು, ಅದಕ್ಕೇ ಜಾಗ ಬಿಟ್ಟಿದೆ ಎಂದು ತೀರ್ಮಾನಿಸಿ, ಹೆಣ ಹಳ್ಳ ದಾಟದೆ ಜಾಗ ಹೇಗೆ ಬಿಡುತ್ತದೆ ಎಂದೂ ಯೋಚಿಸದೆ, ಆಗಲೇ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದರು. ಕೆಂಪಾಜಮ್ಮ ಹಿಟ್ಟು ಮೆತ್ತಿದ ಕೈಯನ್ನು ಸರಿಯಾಗಿ ತೊಳೆಯದೆಯೇ ಗಂಡನಿಗೆ ಎಲೆ ಹಾಕಿದ್ದಳು. ಎರಡು ಮಕ್ಕಳೂ ಅವನ ಎರಡು ತೊಡೆಗೆ ಅಂಟಿಕೊಂಡಿದ್ದವು. ನನ್ನನ್ನು ಕಂಡು ಅವಳ ಮುಖವೆಲ್ಲ ನಗು.

“ಬಾ ಲಿಂಗಣ್ಣ. ಅಜ್ಜ ನೆಮ್ಮದಿಯಾಗಿ ವೋಯ್ತಾ?”

 ಬಾಗಿಲ ಚೌಕಟ್ಟು ಹಿಡಿದು ನಿಂತೆ. ಬೋರಲಿಂಗ ಮುದ್ದೆ ಮುರಿದು ಸಾರಲ್ಲಿ ಅದ್ದಿ, “ಉಪ್ಪು ಸರಿಯಾಗದೆ ಕಣೆ” ಎಂದ. ಅವಳು ಇನ್ನೊಂದು ಸೌಟು ಸಾರು ಬಿಡಲು ಬಗ್ಗಿದಳು.

ಜಾಗಟೆ ಬಡಿಯಿತು. ಹಿಂದೆಯೇ ಕೂಸು ಅತ್ತಿತು.

ಎಲೆ ಅಲ್ಲೇ ಇತ್ತು, ಅರ್ಧ ಮುದ್ದೆ ಅಲ್ಲೇ ಇತ್ತು. ಮಕ್ಕಳು ಒರಗಲು ಏನೂ ಇಲ್ಲದೆ ಒಂದರ ಮೇಲೊಂದು ಬಿದ್ದವು. ಕೆಂಪಾಜಮ್ಮ ಬಗ್ಗಿದವಳು ಬಗ್ಗಿದ ಹಾಗೆಯೇ, ಸೌಟಿನ ಸಾರನ್ನು ಎಲೆಗೆ ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ನೀನಾ?” ಎಂದಳು. ಅಷ್ಟೇ. ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ.

ದಂಡೆಗೆ ಓಡಿಹೋಗಿ ನೋಡಿದರೆ, ಹಳ್ಳದ ಆಚೆ ಬೋರಲಿಂಗ ಎಂಜಲು ಕೈ ಮುಂದಕ್ಕೆ ಹಿಡಿದುಕೊಂಡೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಕಟ್ಟಳೆಯಂತೆ ಎದ್ದು ಸಾಲಿನ ತುದಿಗೆ ಹೊರಟ. ಸರ್ವಮಂಗಳಾ ಮೇಡಂ ಅವನ ಪಂಚೆ ಹಿಡಿದು ನಿಲ್ಲಿಸಿದರು. “ಎಲ್ಲಿಗೆ? ಕೂತ್ಕೊಳ್ಳಪ್ಪ ಇಲ್ಲೇ. ಉಂಡು ಕೈ ತೊಳೀದೆ ಇದ್ದರೆ ಅದು ಒಳಗಿದ್ದ ಲೆಕ್ಕ ಅಲ್ಲ.” ಹಾಗೊಂದು ಕಟ್ಟಳೆ ಇರಲೇ ಇಲ್ಲ. ಸಾಲಿನ ಹನ್ನೆರಡು ಜನರಲ್ಲಿ ಒಬ್ಬರಾದರೂ ತಕರಾರು ಎತ್ತುತ್ತಾರೆಂದು ನಾನು ಕಾದೆ. ಯಾರೂ ಎತ್ತಲಿಲ್ಲ. ವರ್ಷಗಟ್ಟಲೆ ಕಾದು ಕೂತವರು ಸರಿದು ಅವನಿಗೆ ಮೊದಲಿನ ಜಾಗವನ್ನೇ ಬಿಟ್ಟುಕೊಟ್ಟರು.

ಮೊಮ್ಮಗಳನ್ನು ನೋಡಿ ಮನೆಗೆ ಬಂದಾಗ ಜವರಮ್ಮ ಹೊಸಿಲ ಮೇಲೆ ಕೂತಿದ್ದಳು. ಗಂಟು ಇನ್ನೂ ಹೆಗಲಲ್ಲೇ.

“ಒಂದು ಕೇಳ್ತೀನಿ, ಸುಳ್ಳು ಬೊಗಳಬ್ಯಾಡ. ನಿದ್ದೆ ಬಂದು ಹಲಗೆ ಇಳಿಸ್ದೋ, ಗೊತ್ತಿದ್ದೇ ಇಳಿಸ್ದೋ?”

ನಿದ್ದೆ ಎನ್ನಬಹುದಿತ್ತು. ಊರವರಿಗೆ ಹಾಗೇ ಹೇಳಿದ್ದೆ, ಅವರು ನಂಬಿಯೂ ಇದ್ದರು. ಆದರೆ ಇವಳಿಗೆ ಸುಳ್ಳು ಹೇಳಿ ಆಮೇಲೆ ಅವಳ ಕಾಲ ಕಡೆ ಮಲಗುವುದು ನನ್ನಿಂದಾಗದು.

“ನಿದ್ದೆ ಬಂದಿತ್ತು. ಗೊತ್ತೂ ಇತ್ತು” ಎಂದೆ.

ಅವಳು ಎದ್ದಳು. “ನಂಗೆ ವೋಗೋದು ಕಷ್ಟ ಇರ್ನಿಲ್ಲ ಕಣಯ್ಯ. ನೀನು ಇಲ್ಲಿ ಇರೋದನ್ನ ಕಷ್ಟ ಮಾಡ್ಬುಟ್ಟೆ” ಎಂದು ಹೇಳಿ ಬೀದಿಗಿಳಿದಳು. ಹಿಂದೆಯೇ ಓಡಿದೆ. ಸೇತುವೆಯ ತನಕ ಏನೇನೋ ಬಡಬಡಿಸಿದೆ, ಕೈ ಹಿಡಿದೆ, ಬಿಡಿಸಿಕೊಂಡಳು. ಅವಳ ಕಾಲು ಆಚೆ ದಡ ಮುಟ್ಟಿದಾಗ ಸಂತೆಮಾಳದ ಕಡೆ ಮಕ್ಕಳು ಅಪ್ಪಾ ಎಂದು ಕಿರುಚಿದ್ದು ಕೇಳಿಸಿತು. ಅವಳು ತಿರುಗಿ ನೋಡದೆ ಸಾಲಿನ ತುದಿಗೆ ಹೋಗಿ ಕೂತಳು.

ಆರು ದಿನ ಕಳೆಯಿತು, ಗಡುವಿಗೆ ಎರಡೇ ದಿನ ಉಳಿದಿತ್ತು. ತಮ್ಮಯ್ಯಜ್ಜ ಎದ್ದು ಕೂತ. ತನಗೆ ಬಿದಿರು ಕಡಿದವರನ್ನೆಲ್ಲ ಹೆಸರು ಹಿಡಿದು ಬೈದು, ಮುದ್ದೆಗೆ ಉಪ್ಪೆಸರು ಬೇಕೆಂದು ಹಟ ಮಾಡುತ್ತಿದ್ದ. ಹನ್ನೊಂದು ಮನೆಯವರು ನನ್ನ ಜಗುಲಿಗೆ ಬಂದು ಕೂತರು. ನೀರು ಇಳಿಯಲೇಬೇಕು, ಇಳಿದರೆ ಕಟ್ಟಕಡೆಯವನು ಬೋರಲಿಂಗ. ಅವರಿಗೂ ಅದು ಗೊತ್ತಿತ್ತು.

“ಇಳಿಸೋಣ. ನಾನು ಹೋಗ್ತೀನಿ” ಎಂದೆ.

ಭಾಗೀರತಿ ಬಾಣಂತಿ ಕೋಣೆಯಿಂದಲೇ ಕೂಗಾಡಿದಳು. “ಆ ಯಮ್ಮನ ಹಿಂದೆ ವೋಗಕ್ಕೆ ನೆಪ ಅಲ್ವಾ ಅಪ್ಪಯ್ಯ ಇದು? ಈ ಕೂಸಿನ ಮುಖ ನೋಡಿ ಹೇಳು!”

ನೋಡಿದೆ. ನನ್ನ ಹೆಂಡತಿಯದೇ ಮೂಗು. “ನೆಪನೂ ಹೌದು ಕಣವ್ವ. ಬೋರಲಿಂಗನ ಋಣನೂ ಹೌದು. ನಂಗೂ ಸಾಕಾಗದೆ” ಎಂದೆ. ಅವಳು ಅತ್ತಳು, ನಾನೂ ಅತ್ತೆ, ಕೂಸು ಮಾತ್ರ ನಿದ್ದೆ ಮಾಡುತ್ತಿತ್ತು.

ಚೌಡಯ್ಯನಿಗೆ ಎರಡು ದಿನ ಹಲಗೆ ಹಿಡಿಯುವುದು ಕಲಿಸಿದೆ. ನೀರನ್ನು ಮೇಲಿನ ಗೆರೆಗೇ ತಂದು ನಿಲ್ಲಿಸಿ, ನಾನು ಸೇತುವೆಯ ಕೊನೆಯ ಕಲ್ಲಿನ ಮೇಲೆ ನಿಂತೆ. ಅವನು ಒಂದು ಉಸಿರು ಮೊದಲು ಎತ್ತಿದರೆ ಬೋರಲಿಂಗ ಹೊರಗೆ, ಒಂದು ಉಸಿರು ತಡವಾದರೆ ನನ್ನ ಜಾಗಕ್ಕೆ ಸರ್ವಮಂಗಳಾ ಮೇಡಂ ಒಳಗೆ ಹೋಗಿ ಲೆಕ್ಕ ಮತ್ತೆ ಕೆಡುತ್ತದೆ. ಟವಲು ಬೀಸುತ್ತ ಕಾಲಿಟ್ಟೆ. ಊರ ಕಡೆಯಿಂದ ಯಾರೂ ಕೂಗಲಿಲ್ಲ. ಗಿರಣಿಯ ಸದ್ದು ಮಾತ್ರ ನಿಲ್ಲದೆ ಬರುತ್ತಿತ್ತು. ಮೇಡಂ ಇದ್ದಲ್ಲೇ ಇದ್ದರು. “ಪರವಾಗಿಲ್ಲ, ಅಳಿಯ ಕಲಿತಿದ್ದಾನೆ” ಎಂದು ನಕ್ಕರು. ಅವರ ಕಣ್ಣಲ್ಲಿ ನೀರಿತ್ತು.

ಸಾಲಿನ ತುದಿಗೆ ನಡೆದೆ. ಜವರಮ್ಮನ ಮುಂದೆ ಕಲ್ಲು ಸ್ವಲ್ಪ ಖಾಲಿಯಿತ್ತು, ಅಲ್ಲಿ ಕೂರಲು ಹೋದೆ.

“ಹಿಂದಕ್ಕೆ” ಎಂದಳು. “ನಾನು ನಿನಗಿಂತ ಮುಂಚೆ ಬಂದವಳು.”

ಹಿಂದೆ ಹೋಗಿ ಕೂತೆ. ಎರಡು ದಿನ ಅವಳ ಬೆನ್ನನ್ನೇ ನೋಡಿದೆ. ಮೂರನೆಯ ದಿನ ಮಗಳು ಈಚೆ ದಡಕ್ಕೆ ಬುತ್ತಿ ಎಸೆದಾಗ ಬಿಚ್ಚಿ, ದೊಡ್ಡ ಪಾಲು ತಾನಿಟ್ಟುಕೊಂಡು ಉಳಿದದ್ದನ್ನು ನನ್ನತ್ತ ತಳ್ಳಿದಳು. ಈಗ ಸಾಲು ಸ್ವಲ್ಪ ಸರಿದಿದೆ. ಮೇಡಂ ಒಳಗೆ ಹೋದರು. ಜವರಮ್ಮ ಒಂಬತ್ತನೆಯವಳು, ನಾನು ಹತ್ತನೆಯವನು. ಅವಳ ಸರದಿ ಬಂದ ದಿನ ನಾನು ಇಲ್ಲಿ ಒಬ್ಬನೇ ಉಳಿಯುತ್ತೇನೆ, ನನ್ನ ಸರದಿ ಬರುವ ತನಕ ನಾನಿರುತ್ತೇನೋ ಇಲ್ಲವೋ. ಮೊನ್ನೆ ಸಂಜೆ ಅದನ್ನೇ ಹೇಳಿದೆ. ನನ್ನ ಮುಖ ನೋಡಿಕೊಂಡು ಉಳಿಯಬೇಡ, ಹೋಗಿಬಿಡು ಎಂದೆ.

“ವೋಗ್ದೆ ಇನ್ನೇನು?” ಎಂದಳು. “ನಿನ್ ಮೊಮ್ಮಗಳಿಗೆ ಮೂರೊರ್ಸ ಆಗಿರ್ತದೆ ಆವೊತ್ಗೆ. ದಂಡೆಗೆ ಕರ್ಕೊಂಡು ಬಂದು, ಅಗೋ ಅಲ್ಲಿ ಕೂತವ್ನಲ್ಲ, ಅವನೇ ಕಣವ್ವ ನಿಮ್ಮಜ್ಜ, ಅಂತ ತೋರ್ಸಾಕೆ ಯಾರಾದ್ರೂ ಬ್ಯಾಡ್ವಾ?”